ಉಡಿಯಲ್ಲಿ ಹೋದ ರೆಕಾರ್ಡು

ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳಬಾರದು. ಸಿಸ್ಟರುಗಳ ಶಾಲೆಯಲ್ಲಿ ನನಗೆ ಸೂಜಿ ಹಿಡಿಯುವುದನ್ನು ಕಲಿಸಿದರು, ಸಪ್ಪಳವಾಗದ ಹಾಗೆ ಬಾಗಿಲು ಮುಚ್ಚುವುದನ್ನು ಕಲಿಸಿದರು, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕದಿರುವುದನ್ನು ಕಲಿಸಿದರು. ಉಡಿಯ ಈ ಕಾಯಿದೆಯನ್ನು ಮಾತ್ರ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಲಗ್ನವಾಗಿ ಗದಗಿಗೆ ಬಂದ ಮೇಲೆ ಅತ್ತೆಯವರಿಂದ ಕಲಿತೆ. ಕಲಿತದ್ದಾದರೂ ಯಾವಾಗ? ನಾನು ಜೀವದಂತೆ ಇಟ್ಟುಕೊಂಡಿದ್ದ ಒಂದು ರೆಕಾರ್ಡು ಆಗಲೇ ಯಾರದೋ ಉಡಿಯಲ್ಲಿ ಕೂತು ಊರು ಬಿಟ್ಟು ಹೋಗಿತ್ತು.

ನಾಡು ಒಂದಾಗಿ ಎರಡು ಮೂರು ವರ್ಷ ಆಗಿದ್ದ ಕಾಲ ಅದು. ಅದಕ್ಕೂ ಮೊದಲು ನಮ್ಮ ಗದಗ ಮುಂಬಯಿಯವರ ಕೆಳಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ ಬೇರೆ ಬೇರೆ ಸಂಸ್ಥಾನದ ಊರುಗಳಾಗಿದ್ದವು. ಈಗ ಎಲ್ಲಾ ಒಂದೇ ಅಂತ ಶಾಲೆಯ ಮಕ್ಕಳು ಪ್ರಭಾತಫೇರಿಯಲ್ಲಿ ಕೂಗಿಕೊಂಡು ಹೋದರೂ, ನಮ್ಮ ಅತ್ತೆಯವರು ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳ ಮನೆಯ ಬಗ್ಗೆ "ಅವರು ಸಂಸ್ಥಾನದ ಮಂದಿ, ಅವರ ರೀತೀನ ಬ್ಯಾರೆ" ಅನ್ನುವುದನ್ನು ಬಿಟ್ಟಿರಲಿಲ್ಲ. ಕಚೇರಿಗಳಲ್ಲಿದ್ದ ಮರಾಠಿ ಸಾಹೇಬರು ಒಬ್ಬೊಬ್ಬರಾಗಿ ತಮ್ಮ ಕಡೆಗೆ ಬದಲಿ ಮಾಡಿಸಿಕೊಂಡು ಹೋಗುತ್ತಿದ್ದರು. ಈ ಕಥೆ ಅವಸರದಲ್ಲಿ ನಡೆಯಲು ಅದೇ ಕಾರಣ.

ಮೊದಲು ರೆಕಾರ್ಡಿನ ಮಾತು. ಶಾಲೆಯಲ್ಲಿ ನನ್ನ ಪಕ್ಕದ ಮಂಚದ ಗೆಳತಿ ಹುಬ್ಬಳ್ಳಿಯ ರೈಲ್ವೆ ಗಾರ್ಡಿನ ಮಗಳು. ಲಗ್ನಕ್ಕಿಂತ ಮುಂಚೆ ಒಂದು ರಜೆಯಲ್ಲಿ ಅವರ ಕ್ವಾರ್ಟರ್ಸಿಗೆ ಹೋಗಿದ್ದೆ. ಮಧ್ಯಾಹ್ನ ರೇಡಿಯೋದಲ್ಲಿ ಯಾವುದೋ ದೂರದ ಸ್ಟೇಷನ್ನಿನಿಂದ, ಗರಗರ ಸಪ್ಪಳದ ನಡುವೆ, ಅಮೆರಿಕದ ಒಬ್ಬ ಹಾಡುಗಾರನ ದನಿ ಬಂತು. ರಾಕ್ ಅಂಡ್ ರೋಲ್ ಅಂತ ಅದರ ಹೆಸರು, ಗೆಳತಿ ಹೇಳಿದಳು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ನಾನು ಹಾಡಿದ್ದೆಲ್ಲ ಕೈ ಕಟ್ಟಿಕೊಂಡು ನಿಂತು ಹಾಡುವ ಪ್ರಾರ್ಥನೆಗಳು. ಇವನು ಕೈ ಕಟ್ಟಿಕೊಂಡು ಹಾಡುತ್ತಿರಲಿಲ್ಲ ಅನ್ನುವುದು ರೇಡಿಯೋದ ಬಟ್ಟೆಯ ಜಾಳಿಗೆಯ ಹಿಂದಿನಿಂದಲೂ ಗೊತ್ತಾಗುತ್ತಿತ್ತು. ಹಾಡು ಏರಿ ಏರಿ ಒಂದು ಕಡೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತವು. ಅವನೊಬ್ಬನೇ ಉಸಿರು ಎಳೆದುಕೊಂಡ. ಮುಂದಿನ ಮಾತು ಬರಬೇಕು, ಆಗ ಕರೆಂಟು ಹೋಯಿತು.

ಆ ಉಸಿರು ನನ್ನ ಕಿವಿಯಲ್ಲಿಯೇ ಉಳಿಯಿತು. ಲಗ್ನವಾಯಿತು, ಗದಗಿಗೆ ಬಂದೆ, ಮನೆಯವರು ಹತ್ತಿ ಬಿಡಿಸುವ ಜಿನ್ನಿನಲ್ಲಿ ಮ್ಯಾನೇಜರು, ದೊಡ್ಡ ಮನೆ, ದೊಡ್ಡ ಒಲೆ. ಅಕ್ಕಿ ಆರಿಸುವಾಗ, ರೊಟ್ಟಿ ಬಡಿಯುವಾಗ ಕೈ ಒಂದು ಗಳಿಗೆ ನಿಂತರೆ ಸಾಕು, ಅಂವ ಉಸಿರು ಎಳೆದುಕೊಳ್ಳುತ್ತಿದ್ದ. ಆಮೇಲೆ ಏನು? ಗೊತ್ತಿಲ್ಲ.

ಗೆಳತಿ ಮದುವೆಯಾಗಿ ಮುಂಬಯಿಗೆ ಹೋದವಳು ಒಮ್ಮೆ ಗದಗ ಸ್ಟೇಷನ್ನಿನ ಮೇಲೆ ಹಾಯ್ದು ಹೋಗುವಾಗ, ಬಂದು ಭೇಟಿಯಾಗು ಅಂತ ಹೇಳಿ ಕಳಿಸಿದ್ದಳು. ರೈಲಿನ ಕಿಟಕಿಯಿಂದಲೇ ಒಂದು ಚೌಕನೆಯ ರಟ್ಟಿನ ಪಾಕೀಟು ಕೊಟ್ಟಳು. ಮೇಲೆ ಬಾಯಿ ತೆರೆದ, ಕೂದಲು ಹಣೆಗೆ ಇಳಿಬಿಟ್ಟ ತರುಣನ ಫೋಟೋ. ಒಳಗೆ ದೊಡ್ಡ ಕರಿಯ ರೆಕಾರ್ಡು.

"ಇವನ ಛಲೋ ಛಲೋ ಹಾಡೆಲ್ಲಾ ಕೂಡಿಸಿ ಒಂದರಾಗ ಹಾಕ್ಯಾರ. ನಿನ್ನ ಅರ್ಧಾ ಹಾಡು ಎರಡನೇ ಮಗ್ಗಲಿಗೆ, ಕಡೀಗೆ ಐತಿ. ಆದ್ರ ನಿಮ್ಮ ಕೀಲಿ ಕೊಡೋ ಪೆಟ್ಟಿಗ್ಯಾಗ ಇದನ್ನ ಹಾಕೀಯವ್ವಾ ಮತ್ತ! ಆ ಉಕ್ಕಿನ ಸೂಜಿ ಇದನ್ನ ಹೊಲ ಹರಗಿದಂಗ ಹರಗತೈತಿ" ಅಂದಳು. ರೈಲು ಹೊರಟಿತು.

ನಮ್ಮ ಮನೆಯಲ್ಲಿದ್ದದ್ದು ಅದೇ ಕೀಲಿ ಕೊಡುವ ಗ್ರಾಮಫೋನ್ ಪೆಟ್ಟಿಗೆ. ಮಾವನವರು ಅದರಲ್ಲಿ ನಾಟಕದ ಪದ ಹಾಕಿಕೊಂಡು ಕಣ್ಣು ಮುಚ್ಚಿ ಕೂಡುತ್ತಿದ್ದರು. ಕರೆಂಟಿನ ಮಶಿನ್ನಿನ ಮಾತು ತೆಗೆದರೆ ನಮ್ಮವರು "ದೀಪಾವಳಿಗೆ ತರೂಣು" ಅನ್ನುತ್ತಿದ್ದರು. ಯಾವ ದೀಪಾವಳಿ ಅಂತ ಹೇಳುತ್ತಿರಲಿಲ್ಲ. ರೆಕಾರ್ಡನ್ನು ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಹಚ್ಚುವ ಮಶಿನ್ನೇ ಇಲ್ಲದ ಮೇಲೆ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ಯಾಕೆ ಅಂತ ತಿಂಗಳುಗಟ್ಟಲೆ ತೆಗೆಯುತ್ತಲೂ ಇರಲಿಲ್ಲ.

ನಮ್ಮ ಓಣಿಯ ಆಚೆ ಬಂಗಲೆಯಲ್ಲಿದ್ದ ಸಾಹೇಬರ ಹೆಂಡತಿ ಪುಣೆಯ ಕಡೆಯವರು. ನನ್ನಿಂದ ಕಸೂತಿಯ ಗೋಪುರ ಹಾಕುವುದನ್ನು ಕಲಿಯುತ್ತಿದ್ದರು. ಅವರ ದಿವಾನಖಾನೆಯಲ್ಲಿ ಕಪಾಟಿನಷ್ಟು ದೊಡ್ಡ, ಕರೆಂಟಿನಿಂದ ರೆಕಾರ್ಡೂ ಹಾಡುವ ರೇಡಿಯೋಗ್ರಾಮ್ ಇತ್ತು. ತಿಂಗಳುಗಟ್ಟಲೆ ಅದರ ಎದುರಿಗೇ ಕೂತು ದಾರ ಪೋಣಿಸಿದೆ. ನನ್ನದೊಂದು ರೆಕಾರ್ಡು ಹಚ್ಚುತ್ತೀರಾ ಅಂತ ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಒಂದು ದಿನ ಅವರೇ, "ನಮ್ಮ ಬದಲಿ ಆತು. ಬರೋ ಸೋಮವಾರ ಸಾಮಾನು ಲಾರಿಗೆ ಹಾಕ್ತಾರ" ಅಂದರು. ಸೂಜಿ ನನ್ನ ಬೆರಳಿಗೆ ಚುಚ್ಚಿತು. ಆಗ ಬಾಯಿ ಬಿಟ್ಟೆ.

"ಅಯ್ಯ, ಇಷ್ಟ ದಿನಾ ಯಾಕ ಹೇಳಲಿಲ್ಲ ನೀವು?" ಅಂತ ಅವರು ಹಣೆ ಹಣೆ ಬಡಿದುಕೊಂಡರು. "ರವಿವಾರ ಮುಂಜಾನೆ ತಗೊಂಡು ಬರ್ರಿ. ಎಲ್ಲಾ ಕಟ್ಟಿದ್ರೂ ಇದೊಂದು ಕಟ್ಟೂದಿಲ್ಲ. ನಿಮ್ಮ ಸಲುವಾಗಿ ಬಿಟ್ಟಿರ್ತೀನಿ."

ಮನೆಗೆ ಓಡಿ ಬಂದು ಕಪಾಟು ತೆರೆದೆ. ಸೀರೆಗಳಿದ್ದವು. ಸೀರೆಗಳ ಕೆಳಗೆ ಹಲಗೆ ಇತ್ತು.

ಅತ್ತೆಯವರು ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. "ಅತ್ತೀ, ಸೀರಿ ಬುಡಕ ಒಂದು ರಟ್ಟಿನ ಪಾಕೀಟ ಇತ್ತಲ್ರೀ..."

"ಆ ಬಾಯಿ ತಗದಂವನ ಕ್ಯಾಲೆಂಡರನ?" ಅಂದರು, ಬತ್ತಿಯಿಂದ ಕಣ್ಣು ಎತ್ತದೆ. "ಪಂಚಮ್ಯಾಗ ನಿನ್ನ ನಾದನಿಗೆ ಉಡಿ ತುಂಬುಮುಂದ ಖಣಕ್ಕ ಹಾಕಿದೆ."

"ಖಣಕ್ಕ?"

"ಹೂಂ ಮತ್ತ. ಗುಳೇದಗುಡ್ಡದ ಕುಪ್ಪಸದ ಖಣ, ನವಿಲಬಣ್ಣದ್ದು. ಹಂಗ ಮಡಚಿ ಇಟ್ರ ಜೋತು ಬೀಳತೈತಿ. ಒಳಗೊಂದು ರಟ್ಟ ಇದ್ರ ನೆಟ್ಟಗ, ಅಂಗಡ್ಯಾಗಿನದರಗತೆ ಕಾಣಸತೈತಿ. ನಾಕೂ ಮೂಲಿಗೆ ದಾರಾ ಹಾಕಿ ಹೊಲದೆ. ಹಂಗೂ ಹೆಣ್ಣಮಕ್ಕಳ ಸೀರಿ ಬುಡಕ ಅಂಥಾ ಗಂಡಸಿನ ಫೋಟೋ ಇರಬಾರದವಾ ತಂಗಿ."

ಅದರೊಳಗೆ ರೆಕಾರ್ಡು ಇತ್ತು ಅಂದೆ. ಅತ್ತೆಯವರು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. "ಅದಕ್ಕ ಒಂಚೂರು ಭಾರ ಹತ್ತಿತ್ತು" ಅಂದರು. ಅಷ್ಟೇ.

ಹಾಗಾದರೆ ಒಂದು ಮಾತು ಹೇಳಿ ತರಿಸಿಬಿಡೋಣ ಅಂದದ್ದಕ್ಕೆ ಅವರು ನನ್ನನ್ನು ಹೇಗೆ ನೋಡಿದರು ಅಂದರೆ, ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದವಳನ್ನು ನೋಡಿದ ಹಾಗೆ. "ಉಡ್ಯಾಗ ಹಾಕಿದ್ದನ್ನ ಕೇಳತಾರ? ತವರಮನಿಯವರು ಕೊಟ್ಟ ಖಣಾ ಹೊಳ್ಳಿ ಇಸಕೊಂಡ್ರು ಅಂತ ಆಕಿ ಅತ್ತಿ ಮುಂದ ಆಕಿ ಮಾರಿ ಏನಾಗಬೇಕು?" ಖಣ ಬೇಡ, ಒಳಗಿನದು ಮಾತ್ರ ಸಾಕು ಅಂತ ನಾನು. ಒಳಗಿನದು ಬೇಕಾದರೆ ಹೊರಗಿನದು ಬಿಚ್ಚಬೇಕು, ಬಿಚ್ಚಿದರೆ ಕೇಳಿದಂತೆಯೇ ಆಯಿತು ಅಂತ ಅವರು. ಕೊನೆಗೆ ತಾವೇ ಬರುತ್ತೇನೆ ಅಂದರು. "ಲಿಂಬಿಕಾಯಿ ಉಪ್ಪಿನಕಾಯಿ ಕೊಡಾಕ ಬಂದೇವಿ ಅನ್ನೂಣು. ನೀ ಮಾತ್ರ ಬಾಯಿ ತಗೀಬ್ಯಾಡ. ಹೆಂಗ ಮಾತು ತಗೀಬೇಕು ನನಗ ಗೊತ್ತೈತಿ."

ಅವರಿಗೆ ಗೊತ್ತಿರಲಿಲ್ಲ. ಅಥವಾ ಬಹಳ ಗೊತ್ತಿತ್ತು.

ಲಕ್ಷ್ಮೇಶ್ವರದ ಬಸ್ಸು ಸೊರಟೂರಿನಲ್ಲಿ ನಿಂತಿತು, ಎಲ್ಲೆಲ್ಲೋ ನಿಂತಿತು, ಒಂದು ಕಡೆ ಕುರಿಗಳ ಸಲುವಾಗಿ ನಿಂತಿತು. ಉಪ್ಪಿನಕಾಯಿ ಭರಣಿ ನನ್ನ ತೊಡೆಯ ಮೇಲೆ. ಲಕ್ಷ್ಮೇಶ್ವರದಲ್ಲಿ ನಾದಿನಿಯ ಅತ್ತೆ ಬಾಗಿಲಿನ ಕಟ್ಟೆಯ ಮೇಲೆಯೇ ಕೂತಿದ್ದರು ಮತ್ತು ನಾವು ಹೊರಡುವವರೆಗೆ ನಮ್ಮನ್ನು ಬಿಟ್ಟು ಏಳಲಿಲ್ಲ. ಅವರ ಎದುರು ನಮ್ಮ ಅತ್ತೆಯವರು ಮಳೆಯ ಮಾತು ತೆಗೆದರು, ಜೋಳದ ಮಾತು ತೆಗೆದರು, ಯಾರದೋ ಮೊಣಕಾಲಿನ ಮಾತು ತೆಗೆದರು. ಮಧ್ಯಾಹ್ನದ ಊಟವಾಯಿತು. ಖಣದ ಮಾತು ಬರಲೇ ಇಲ್ಲ. ನಾನು ನೆಲದ ಫರಶಿ ಕಲ್ಲುಗಳ ಸಂದಿಯಲ್ಲಿ ಇರುವೆ ಹೋಗುವುದನ್ನು ನೋಡುತ್ತ ಕೂತೆ. ಕೊನೆಗೆ ಅತ್ತೆಯವರು ಬಹಳ ಸಹಜವಾಗಿ ಕೇಳುವವರಂತೆ, "ಪಂಚಮಿ ಖಣಾ ಹೊಲಿಸಿದೇನವಾ?" ಅಂದರು.

"ಹೊಲಿಯಾಕ ಹಾಕೇನವ್ವಾ" ಅಂದಳು ನಾದಿನಿ, ರೆಪ್ಪೆ ಸಹ ಅಲುಗದೆ. "ಸಿಂಪಿಗ್ಯಾ ಭಾಳ ತಡಾ ಮಾಡಾಕ ಹತ್ತ್ಯಾನ."

ಹೊಲಿಯಲು ಹಾಕಿದ್ದರೆ ಬಿಚ್ಚಿರಬೇಕಲ್ಲ! ಅಡುಗೆಮನೆಯಲ್ಲಿ ಅವಳ ಹಿಂದೆಯೇ ಹೋಗಿ ಪಿಸುದನಿಯಲ್ಲಿ ಒಳಗಿನ ರಟ್ಟು ಎಲ್ಲಿ ಅಂದೆ.

"ಯಾವ ರಟ್ಟ ವೈನಿ?"

"ಖಣದಾಗಿನ ರಟ್ಟ."

ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಖರೇ ಹೇಳಲ್ಯಾ? ಅವ್ವಗ ಹೇಳಬ್ಯಾಡ್ರಿ. ಅಷ್ಟು ನೆಟ್ಟಗ ಇದ್ದ ಖಣಾ ಬಿಚ್ಚಾಕ ಯಾರಿಗರೆ ಮನಸಾಕ್ಕೈತೇನು? ಅದು ಕೊಡೂ ಖಣ ವೈನಿ, ಹೊಲಿಯೂ ಖಣ ಅಲ್ಲ. ದಸರಾದಾಗ ನಮ್ಮ ನಾದನಿ ಬಂದಿದ್ರು ಶಿರಹಟ್ಟಿಯಿಂದ. ಅವರ ಉಡೀಗೆ ಹಾಕಿದೆ. ಭಾಳ ಛಲೋ ಐತಿ ಅಂದ್ರು."

ಕೊಡೂ ಖಣ, ಹೊಲಿಯೂ ಖಣ. ಹೀಗೂ ಒಂದು ಭೇದ ಇದೆ ಅನ್ನುವುದು ನನಗೆ ಆ ಒಲೆಯ ಮುಂದೆ ತಿಳಿಯಿತು. ಹೊರಡುವಾಗ ನಾದಿನಿಯ ಅತ್ತೆ ನಮ್ಮಿಬ್ಬರಿಗೂ ಉಡಿ ತುಂಬಿದರು. ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದೊಂದು ಖಣ. ನೋಡಿದರೆ ಅವೂ ಕೊಡೂ ಖಣಗಳೇ. ಮಡಿಕೆಯ ಗೆರೆಗಳು ಬಿಳಿಚಿಹೋಗಿದ್ದವು.

ಮರುದಿನ ಶಿರಹಟ್ಟಿ. ಮಗಳ ಮರ್ಯಾದೆ ಹೋಗಬಾರದು, ನಮ್ಮ ಖಣ ಅಂತ ತಿಳಿಯಬಾರದು, ಆದರೂ ಖಣ ಎಲ್ಲಿದೆ ಅಂತ ತಿಳಿಯಬೇಕು. ಈ ಮೂರನ್ನೂ ಒಂದೇ ಮಾತಿನಲ್ಲಿ ಸಾಧಿಸಬೇಕಾಗಿದ್ದರಿಂದ ಅತ್ತೆಯವರು ಬಸ್ಸಿನಲ್ಲಿ ತುಟಿ ಅಲುಗಿಸುತ್ತ ತಯಾರಿ ಮಾಡುತ್ತಿದ್ದರು. ಹಿಂದಿನ ಸಂಜೆ ದಾರಿಯಲ್ಲಿ ನಾನು ಅವರಿಗೆ ಎಲ್ಲ ಹೇಳಿಬಿಟ್ಟಿದ್ದೆ. "ನನ್ನ ಮಗಳಾ? ನಾ ಕೊಟ್ಟ ಖಣಾನ?" ಅಂತ ಅವರಿಗೆ ಆಗಿದ್ದ ಸಂಕಟ ನನ್ನ ರೆಕಾರ್ಡಿನ ಸಂಕಟಕ್ಕಿಂತ ದೊಡ್ಡದಿತ್ತು. ಅವರು ಪ್ರತಿ ವರ್ಷ ನೆರೆಮನೆಯವರಿಗೆ ಕೊಡುವ ಖಣಗಳು ಎಲ್ಲಿಂದ ಬರುತ್ತವೆ ಅಂತ ನಾನು ಕೇಳಲಿಲ್ಲ.

ಶಿರಹಟ್ಟಿಯ ಮನೆಯಾಕೆ ಗಟ್ಟಿ ದನಿಯ, ದೊಡ್ಡ ನಗೆಯ ಹೆಂಗಸು. ಚಹಾ ಕೊಟ್ಟು ಕೂತ ಕೂಡಲೇ ಅತ್ತೆಯವರು ನಿಟ್ಟುಸಿರು ಬಿಟ್ಟರು. "ಈಗೀನ ಕಾಲದಾಗ ಛಲೋ ಖಣಾ ಎಲ್ಲೆ ಸಿಗತಾವ್ರಿ. ನವಿಲಬಣ್ಣಾ, ಕೆಂಪು ದಡಿ, ಅಂಥಾದ್ದೊಂದು ಹುಡಕಾಕ ಹತ್ತೇನಿ."

"ಅಯ್ಯ, ಅಂಥಾದ್ದ ಒಂದು ನನ್ನಂತೇಕ ಇತ್ರೀ!" ಅಂದಳು ಆಕೆ. "ನಾನ ಗುಳೇದಗುಡ್ಡದಾಗ ನಿಂತು ಆರಿಸಿ ತಂದಿದ್ದೆ. ಎಷ್ಟ ನೆಟ್ಟಗ ಮಡಚಿ ಕೊಟ್ಟಿದ್ದಾ ಅಂಗಡಿಯಂವ! ಮುಂಡರಗಿಗೆ ಮಗಳ ಕೊಟ್ಟೇವಲ್ರೀ, ಆ ಬೀಗತಿ ದೀಪಾವಳ್ಯಾಗ ಬಂದಾಗ ಹಾಕಿಬಿಟ್ಟೆ. ಬೀಗರಿಗೆ ಹಾಕೂದಂದ್ರ ಹಂತಾದ ಹಾಕಬೇಕು ನೋಡ್ರಿ."

ಅತ್ತೆಯವರು ಚಹಾದ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕೂತರು. ತಮ್ಮ ಹೊಲಿಗೆಯನ್ನು ಯಾವನೋ ಅಂಗಡಿಯವನ ಹೆಸರಿಗೆ ಬಿಟ್ಟುಕೊಡುವುದು ಅವರಿಗೆ ಸುಲಭವಾಗಿರಲಿಲ್ಲ. "ಹೌದ್ರಿ," ಅಂದರು ಬಟ್ಟಲು ಕೆಳಗಿಟ್ಟು, "ಅಂಗಡಿಯಂವ ಶ್ಯಾಣ್ಯಾ ಇರಬೇಕು." ಅಲ್ಲಿಯೂ ಉಡಿ ತುಂಬಿದರು. ವಾಪಸು ಬರುವಾಗ ನಮ್ಮ ಚೀಲದಲ್ಲಿ ಕಾಯಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು, ಖಣಗಳು ಕೂಡುತ್ತಿದ್ದವು. ನನ್ನದೊಂದು ಮಾತ್ರ ಇಲ್ಲ.

"ಒಂದು ಹಾಡಿನ ಸಲುವಾಗಿ ಮೂರ ತಾಲೂಕ?" ಅಂತ ನಮ್ಮವರು ನಕ್ಕರು. ನಾನು ನಗಲಿಲ್ಲ. ನಾನು ನಗದಿರುವುದನ್ನು ಅವರು ಬಹುಶಃ ಮೊದಲ ಸಲ ಗಮನಿಸಿದರು. ಶನಿವಾರ ಹತ್ತಿ ನೋಡಲು ಡೋಣಿ, ಹಿರೇವಡ್ಡಟ್ಟಿಯ ಕಡೆ ಅವರ ಜೀಪು ಹೋಗುವುದಿತ್ತು; ನಮ್ಮನ್ನು ಮುಂಡರಗಿಯಲ್ಲಿ ಇಳಿಸುವುದಾಗಿ ಒಪ್ಪಿದರು. ಬೀಗತಿಯ ಮನೆಯವರೂ ಹತ್ತಿ ಬೆಳೆಯುವವರೇ. "ಮ್ಯಾನೇಜರರ ಮನಿಯವರು ಹಂಗ ಹಾದು ಹೊಂಟಿದ್ರು, ಮಾತಾಡ್ಸಿ ಹೋಗೂಣು ಅಂತ ಬಂದ್ರು, ಅಷ್ಟ" ಅಂತ ಅತ್ತೆಯವರು ನೆಪ ಹೊಲಿದರು. ಕಪ್ಪತಗುಡ್ಡ ಎಡಕ್ಕೂ ಬಲಕ್ಕೂ ಸರಿದಾಡಿತು. ನಾನು ನಾಳೆ ರವಿವಾರ, ನಾಳೆ ರವಿವಾರ ಅಂದುಕೊಳ್ಳುತ್ತಿದ್ದೆ.

ಮುಂಡರಗಿಯ ಬೀಗತಿ ಮಿದು ಮಾತಿನವರು, ದಪ್ಪ ಕನ್ನಡಕ. ನಮ್ಮ ಗುರುತೇ ಇಲ್ಲದಿದ್ದರೂ ಮಂಡಕ್ಕಿ ಕಲಸಿ ಕೊಟ್ಟರು. ಅವರು ಕೂತ ಜಾಗದ ಹಿಂದೆ ಗೋಡೆಯ ಮಾಡದಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ಅದು ನೆಟ್ಟಗೆ ನಿಂತಿತ್ತು. ನವಿಲುಬಣ್ಣ, ಕೆಂಪು ದಡಿ. ನಾಲ್ಕೂ ಮೂಲೆಗೆ ಅತ್ತೆಯವರ ಹಳದಿ ದಾರ. ನಾನು ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ. ಅತ್ತೆಯವರು ಮೊಣಕೈಯಿಂದ ತಿವಿದರು. ಸುಮ್ಮನಿರು ಅಂತ ಅರ್ಥ.

ಹೊರಡುವ ಹೊತ್ತಾಯಿತು. ಬೀಗತಿ ಎದ್ದು ತಟ್ಟೆಯಲ್ಲಿ ಅಕ್ಕಿ ಕಾಯಿ ಇಟ್ಟುಕೊಂಡರು, ಮಾಡಕ್ಕೆ ಕೈ ಹಾಕಿ ಅದನ್ನೇ ತೆಗೆದರು. ಮೊದಲ ಸಲ ಬಂದ ದೊಡ್ಡವರು, ಒಳ್ಳೆಯದೇ ಹಾಕಬೇಕು ಅಂತ ಅವರ ಮನಸ್ಸಿನಲ್ಲಿ ಬಂದಿರಬೇಕು. ಅತ್ತೆಯವರ ಕಡೆ ನಡೆದರು. ನಾನು ಉಸಿರು ಹಿಡಿದೆ.

"ಅಯ್ಯ ಬ್ಯಾಡ್ರಿ, ಇಷ್ಟ ಛಲೋ ಖಣಾ ನನಗ್ಯಾಕ್ರಿ!" ಅಂದರು ಅತ್ತೆಯವರು.

ರೂಢಿ. ಜೀವಮಾನದ ರೂಢಿ. ಬಾಯಿ ತಾನೇ ಅಂದುಬಿಟ್ಟಿತು. ಎದುರಿಗಿನವರು ಇಲ್ರೀ ಇಲ್ರೀ ಅಂತ ಒತ್ತಾಯ ಮಾಡಬೇಕು, ಇವರು ಮತ್ತೆ ಬೇಡ ಅನ್ನಬೇಕು, ಆಮೇಲೆ ಸೆರಗು ಒಡ್ಡಬೇಕು. ಆದರೆ ಬೀಗತಿ ಸಾದಾ ಮನಸ್ಸಿನ ಹೆಂಗಸು.

"ಹಂಗಂತೀರಿ? ಹಿರ್ಯಾರು, ನಿಮ್ಮ ಮಾತು ಮೀರಬಾರದು" ಅಂತ ಅದನ್ನು ವಾಪಸು ಮಾಡದಲ್ಲಿಟ್ಟು, ಪಕ್ಕದ ಪೆಟ್ಟಿಗೆಯಿಂದ ಬೇರೊಂದು ಖಣ ತೆಗೆಯಲು ಬಗ್ಗಿದರು.

ಅತ್ತೆಯವರ ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬರಲಿಲ್ಲ. ಪಾಕೀಟಿನ ಮೇಲಿನ ಆ ಫೋಟೋದವನ ಬಾಯಿಯ ಹಾಗೆಯೇ. ನಾಳೆ ರವಿವಾರ. ನಾಡದ್ದು ಲಾರಿ. ನನ್ನ ಕಾಲು ತಾವೇ ಮುಂದೆ ಹೋದವು. ಎರಡೂ ಕೈಯಲ್ಲಿ ಸೆರಗು ಹಿಡಿದು ಅಗಲ ಮಾಡಿ ಆ ಗುರುತಿಲ್ಲದ ಮನೆಯಲ್ಲಿ, ಆ ಗುರುತಿಲ್ಲದ ಹೆಂಗಸಿನ ಮುಂದೆ ನಿಂತೆ.

"ನನಗ ಅದನ್ನ ಹಾಕ್ರಿ" ಅಂದೆ.

ಬೀಗತಿಯ ಕನ್ನಡಕದ ಹಿಂದೆ ಕಣ್ಣು ದೊಡ್ಡವಾದವು. ಆಮೇಲೆ ಅವರು ಪ್ರೀತಿಯಿಂದ ನಕ್ಕರು. "ಸಣ್ಣಾಕಿ, ಮನಸಾಗೇತಿ. ತಗೋ ಯವ್ವಾ, ಹೊಲಿಸಿಕೊಂಡು ತೊಡು" ಅಂತ ಅಕ್ಕಿ, ಕಾಯಿ, ಖಣ ಎಲ್ಲಾ ನನ್ನ ಉಡಿಗೆ ಹಾಕಿದರು. ಭಾರ ಹತ್ತಿತು. ಇತ್ತು, ಒಳಗೆ ಇತ್ತು.

ವಾಪಸು ಬರುವಾಗ ಅತ್ತೆಯವರು ಜೀಪಿನಲ್ಲಿ ನನಗೆ ಬೆನ್ನು ಮಾಡಿ ಕೂತರು. ಜೀಪು ಬೆಟಗೇರಿಗೆ ಹೊರಳುವ ಹೊತ್ತಿಗೆ, "ಉಡಿ ಒಡ್ಡಿ ಬೇಡಿದ ಸೊಸಿ ನಮ್ಮ ಮನಿತನದಾಗ ಇದ್ದಿಲ್ಲ" ಅಂದರು. ನಾನು ಕಸೂತಿಯ ಸೂಜಿಯಿಂದ ಮೂಲೆಗಳ ದಾರ ಬಿಚ್ಚುತ್ತಿದ್ದೆ. ಹಾಡುಗಾರನ ಹಣೆಗೆ ಖಣದ ಮೇಲೆ ಹಚ್ಚಿದ ಅರಿಶಿಣದ ಹೆಬ್ಬೆಟ್ಟು ಇಳಿದಿತ್ತು, ಗಲ್ಲಕ್ಕೆ ಕುಂಕುಮ. ಯಾವ ಊರಿನದೋ ಗೊತ್ತಿಲ್ಲ. ಪಾಕೀಟು ಅಲುಗಿಸಿದರೆ ಒಳಗಿನಿಂದ ಅಕ್ಕಿಯ ಕಾಳು ಉದುರಿತು.

ರವಿವಾರ ಒಬ್ಬಳನ್ನೇ ಕಳಿಸಲಿಲ್ಲ, ಅತ್ತೆಯವರು ಬಂದರು. ಊರು ಬಿಟ್ಟು ಹೋಗುವ ಮುತ್ತೈದೆಗೆ ಉಡಿ ತುಂಬದೆ ಕಳಿಸುವುದು ಹೇಗೆ ಅಂತ ಒಂದು ಚೀಲವನ್ನೂ ತಂದಿದ್ದರು. ಬಂಗಲೆಯ ತುಂಬ ಗೋಣಿತಟ್ಟು, ಹಗ್ಗ, ಹುಲ್ಲು. ಕುರ್ಚಿಗಳ ಕಾಲು ಮೇಲಾಗಿದ್ದವು. ಬರೀ ಗೋಡೆಗೆ ರೇಡಿಯೋಗ್ರಾಮ್ ಒಂದೇ ನಿಂತಿತ್ತು. ನಾವು ನೆಲದ ಮೇಲೆ ಕೂತೆವು. ಸಾಹೇಬರ ಹೆಂಡತಿ ರೆಕಾರ್ಡನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಬಟ್ಟೆ ಹಳದಿಯಾಯಿತು.

ಮೊದಲನೇ ಮಗ್ಗಲು. ಎಷ್ಟೋ ವರ್ಷದ ಮೇಲೆ ಆ ದನಿ, ಗರಗರ ಇಲ್ಲದೆ, ಕೋಣೆಯಲ್ಲಿ ನಿಂತು ಹಾಡಿದ ಹಾಗೆ. ಅರಿಶಿಣ ಇದ್ದ ಕಡೆಗೆಲ್ಲ ಚಟ್ ಚಟ್ ಅನ್ನುತ್ತಿತ್ತು, ಸಾಸಿವೆ ಸಿಡಿದ ಹಾಗೆ. ಅತ್ತೆಯವರು ಸೆರಗು ಸರಿಸಿ ಕಿವಿ ಕೊಟ್ಟರು.

"ಪಾಪ, ಇಂವಗ ಬಿಕ್ಕು ಹತ್ಯಾವ" ಅಂದರು. "ಯಾರೂ ನೀರ ಕೊಡವಲ್ರಲ್ಲ."

"ಹಾಡೂದ ಹಂಗರೀ ಅತ್ತಿ."

"ಬಿಕ್ಕಿನ್ಯಾಗ?"

ನಾನು ಕಣ್ಣು ಮುಚ್ಚಿಕೊಂಡೆ. ನಡುವೆ ಸಾಹೇಬರು ಬಂದು ಮರಾಠಿಯಲ್ಲಿ ಹಗ್ಗ ಎಲ್ಲಿದೆ ಅಂತ ಕೇಳಿದರು. ಆಳು ಬಂದು ಪಾತ್ರೆಯ ಪೆಟ್ಟಿಗೆ ಎಳೆದುಕೊಂಡು ಹೋದ. ಅತ್ತೆಯವರು ಒಂದು ಹಾಡಿನ ಪೂರ್ತಿ ಸಾಹೇಬರ ಹೆಂಡತಿಗೆ ಪುಣೆಯಲ್ಲಿ ಜೋಳ ಸಿಗುತ್ತದೆಯೋ ಇಲ್ಲವೋ ವಿಚಾರಿಸಿದರು. ರೆಕಾರ್ಡು ಮಗುಚಿ ಹಾಕಿದರು. ಒಂದೊಂದೇ ಹಾಡು ಮುಗಿದು, ಕೊನೆಯ ಹಾಡು ಶುರುವಾಯಿತು. ನನ್ನದು. ನಾನು ಕೈ ಎತ್ತಿದೆ. ಅತ್ತೆಯವರು ಸಹ ಸುಮ್ಮನಾದರು.

ಏರಿತು, ಏರಿತು. ವಾದ್ಯಗಳು ಒಮ್ಮೆಲೇ ನಿಂತವು. ಅಂವ ಉಸಿರು ಎಳೆದುಕೊಂಡ.

ಮತ್ತೆ ಹಾಡಿದ! ಮೊದಲಿಗಿಂತ ಜೋರಾಗಿ, ವಾದ್ಯಗಳೆಲ್ಲ ಅವನ ಮೇಲೆ ಬಿದ್ದಹಾಗೆ ಬಂದವು. ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಮುಗಿಯುತ್ತದೆ, ಹೇಗೆ ಮುಗಿಯುತ್ತದೆ ಅಂತ ಮುಂದಕ್ಕೆ ಬಗ್ಗಿ ಕೇಳುತ್ತಿದ್ದೆ. ಅಂವ ಅದೇ ಸಾಲನ್ನು ಹಾಡಿದ, ಮತ್ತೆ ಹಾಡಿದ, ದನಿ ಸ್ವಲ್ಪ ಸಣ್ಣದಾಯಿತು. ಮತ್ತೆ ಹಾಡಿದ, ಇನ್ನೂ ಸಣ್ಣದು. ಹಾಡುತ್ತ ಹಾಡುತ್ತ ಓಣಿ ದಾಟಿ ಹೋದವನ ಹಾಗೆ, ಆಮೇಲೆ ಊರು ದಾಟಿ ಹೋದವನ ಹಾಗೆ. ಕೊನೆಗೆ ಬರೀ ಸೂಜಿಯ ಸಪ್ಪಳ ಉಳಿಯಿತು.

"ಯಾಕ ಸಣ್ಣ ಮಾಡಿದ್ರಿ?" ಅಂದರು ಅತ್ತೆಯವರು ಸಾಹೇಬರ ಹೆಂಡತಿಗೆ, ಸಿಟ್ಟಿನಿಂದ. "ಅಂವ ಇನ್ನೂ ಹಾಡಾಕ ಹತ್ತಿದ್ದ!"

"ನಾ ಮುಟ್ಟಿಲ್ರೀ! ಅದು ಹಂಗೇ ಅದ!"

"ಹಂಗ ಹೆಂಗ ಇರತೈತಿ? ನನ್ನ ಸೊಸಿ ಮೂರ ಊರು ತಿರಿಗ್ಯಾಳ ಇದಕ್ಕ. ಇನ್ನೊಮ್ಮೆ ಹಾಕ್ರಿ. ಈ ಸಲಾ ಗುಂಡೀ ಹತ್ರ ನಾ ಕೂಡತೇನಿ."

ಅವರು ನಿಜವಾಗಿಯೂ ಎದ್ದು ಹೋಗಿ ರೇಡಿಯೋಗ್ರಾಮಿನ ಗುಂಡಿಗಳ ಮುಂದೆ ಕೂತರು. ಮತ್ತೆ ಹಾಕಿದರು. ಏರಿತು, ನಿಂತಿತು, ಉಸಿರು, ಮತ್ತೆ ಹಾಡಿದ, ಮತ್ತೆ ಸಣ್ಣಗಾಗುತ್ತ ಹೋದ. ಅತ್ತೆಯವರು ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದರು. ಕೊನೆಯವರೆಗೂ ಯಾರೂ ಗುಂಡಿ ಮುಟ್ಟಲಿಲ್ಲ.

ಇಷ್ಟು ವರ್ಷ ಕಾದದ್ದು ಕೊನೆ ಕೇಳಲು. ಕೊನೆಯನ್ನೇ ಹಾಕಿರಲಿಲ್ಲ! ಅಷ್ಟು ಚೆಂದ ಉಸಿರು ಎಳೆದುಕೊಳ್ಳಲು ಬರುವವನಿಗೆ ಒಂದು ಹಾಡು ಮುಗಿಸಲು ಬರಬಾರದೇ? ನಾನು ಯಾರ ಮೇಲೆ ಸಿಟ್ಟು ಮಾಡಲಿ, ಅಮೆರಿಕ ದೂರ.

ಹೊರಗೆ ಆಳುಗಳು ರೇಡಿಯೋಗ್ರಾಮಿಗೆ ಗೋಣಿತಟ್ಟು ತಂದರು. ಅತ್ತೆಯವರು ಚೀಲ ಬಿಚ್ಚಿ ಸಾಹೇಬರ ಹೆಂಡತಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸಿದರು. ಅಕ್ಕಿ, ಕಾಯಿ, ಎಲೆ ಅಡಿಕೆ. ಅದೇ ನವಿಲುಬಣ್ಣದ ಖಣ ತೆಗೆದು, ಎತ್ತಿ ಹಿಡಿದು ನೋಡಿದರು. ಜೋತು ಬಿತ್ತು. "ನಾಳೆ ಲಾರ್ಯಾಗ ಹೋಗೂದೈತಿ, ಮುದುಡಿ ಆಗತೈತಿ" ಅಂತ ತಮ್ಮಷ್ಟಕ್ಕೆ ಅಂದುಕೊಂಡು, ನಾನು ರೆಕಾರ್ಡು ಹೊರಗೆ ತೆಗೆಯುವಾಗ ಬದಿಗೆ ಇಟ್ಟಿದ್ದ ಖಾಲಿ ಪಾಕೀಟನ್ನು ಕೈ ಚಾಚಿ ತೆಗೆದುಕೊಂಡು ಅದಕ್ಕೆ ಸುತ್ತಿದರು. ನಾನು "ಅತ್ತೀ!" ಅನ್ನುವಷ್ಟರಲ್ಲಿ ಅದು ಉಡಿಯಲ್ಲಿತ್ತು.

ಸಾಹೇಬರ ಹೆಂಡತಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಉಡಿಯಲ್ಲಿ ಬಿದ್ದಿತ್ತು. ಇಬ್ಬರಿಗೂ ಕಾಯಿದೆ ಗೊತ್ತಿತ್ತು.

ಟಾಂಗಾದಲ್ಲಿ ನಾನು ಬರೀ ರೆಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ. "ಅದೂ ನಂದ ಇತ್ರೀ ಅತ್ತಿ" ಅಂದೆ.

"ಕರೇ ತಾಟು ನಿನ್ನಂತೇಕ ಐತೆಲ್ಲ," ಅಂದರು, "ರಟ್ಟ ತಗೊಂಡು ಏನ ಮಾಡಾಕಿ?"

ಕುದುರೆಯ ಗೊರಸಿನ ಸಪ್ಪಳ. ಮನೆ ಹತ್ತಿರ ಬಂದಾಗ ಅತ್ತೆಯವರು ಸೆರಗು ಸರಿ ಮಾಡಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದರು:

"ಅಲ್ಲ, ಅಷ್ಟ ಸಣ್ಣ ಆದ ಮ್ಯಾಲ ಅಂವ ಮುಂದ ಏನ ಹಾಡಿರಬೇಕು?"

"ನನಗೇನ ಗೊತ್ತರೀ" ಅಂದೆ.